ನರಗಳ ನಡುವಿನ ಬಿಡುವು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ನರತಂತುವಿನಲ್ಲಿ ವಿದ್ಯುತ್ ಸಂಕೇತ ಹೇಗೆ ಓಡುತ್ತದೆ ಎಂದು ಬರೆದು, ತುದಿ ಮುಟ್ಟಿದ ಮೇಲಿನ ಕಥೆಯೇ ಬೇರೆ ಎಂದು ನಿಲ್ಲಿಸಿದ್ದೆ. ಒಂದು ನರಕೋಶದ ತುದಿ ಇನ್ನೊಂದು ಕೋಶಕ್ಕೆ ಎದುರಾಗುವ, ಸಿನಾಪ್ಸ್ ಎಂಬ ಜಾಗದ ಕಥೆ ಅದು. ಆ ಬೇರೆ ಕಥೆ ಏನೆಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೂವತ್ತು ವರ್ಷ ಶರೀರಕ್ರಿಯಾ ವಿಜ್ಞಾನ ಪಾಠ ಮಾಡಿದವಳು ನಾನು. ಅಷ್ಟೂ ವರ್ಷಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಈ ಒಂದು ವಿಷಯ. ಆದ್ದರಿಂದ ಕೆಲವು ಉತ್ತರಗಳು ಉದ್ದವಾಗಿವೆ, ಓದಿಕೊಳ್ಳಿ.

ನರದಲ್ಲಿ ಹರಿಯುವುದು ವಿದ್ಯುತ್ ಅಂದಿರಿ. ಹಾಗಿದ್ದರೆ ಎರಡು ನರಕೋಶಗಳು ತಂತಿಗೆ ತಂತಿ ಬೆಸೆದ ಹಾಗೆ ಸೇರಿಕೊಂಡೇ ಇರಬಹುದಿತ್ತಲ್ಲ? ಮಧ್ಯೆ ಜಾಗ ಬಿಟ್ಟು, ಅಲ್ಲಿ ರಾಸಾಯನಿಕ ಸುರಿದು, ಅದನ್ನು ಮತ್ತೆ ವಿದ್ಯುತ್ ಮಾಡುವ ಸುತ್ತುಬಳಸು ದಾರಿ ಯಾಕೆ? (ಒಬ್ಬ ವಿದ್ಯಾರ್ಥಿನಿ)

ಈ ಪ್ರಶ್ನೆಯ ಮೇಲೆ ದೊಡ್ಡ ದೊಡ್ಡವರೇ ಐವತ್ತು ವರ್ಷ ಜಗಳವಾಡಿದ್ದಾರೆ ಮಗಳೇ. ಇಟಲಿಯ ಕಮಿಲೊ ಗಾಲ್ಜಿ 1873ರಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಿಲ್ವರ್ ನೈಟ್ರೇಟ್ ಬಳಸಿ ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದ. ಆ ಬಣ್ಣದ ಗುಣ ಒಂದಿದೆ: ಅದು ಎಲ್ಲ ಕೋಶಗಳಿಗೂ ಹಿಡಿಯುವುದಿಲ್ಲ. ಎಲ್ಲೋ ಕೆಲವಕ್ಕೆ ಮಾತ್ರ, ಆದರೆ ಹಿಡಿದದ್ದಕ್ಕೆ ಬುಡದಿಂದ ತುದಿಯವರೆಗೆ ಪೂರ್ತಿ ಹಿಡಿಯುತ್ತದೆ. ದಟ್ಟ ಕಾಡಿನಲ್ಲಿ ಒಂದೇ ಮರ ಬೇರು, ಕೊಂಬೆ ಸಮೇತ ಎದ್ದು ಕಂಡ ಹಾಗೆ. ಅದನ್ನು ನೋಡಿಯೂ ಗಾಲ್ಜಿ ಹೇಳಿದ್ದು ನೀನು ಕೇಳಿದ್ದನ್ನೇ: ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡ ಒಂದೇ ಬಲೆ ಎಂದು. ಸ್ಪೇನ್‌ನ ಸಾಂಟಿಯಾಗೊ ರಾಮೋನ್ ಇ ಕಹಾಲ್ ಅದೇ ಬಣ್ಣವನ್ನು ಹಕ್ಕಿಮರಿಗಳ, ಭ್ರೂಣಗಳ ಮೆದುಳಿಗೆ ಹಾಕಿದ. ಎಳೆಯ ಮೆದುಳಿನಲ್ಲಿ ತಂತುಗಳ ಮೇಲೆ ಕೊಬ್ಬಿನ ಹೊದಿಕೆ ಇನ್ನೂ ಬಂದಿರುವುದಿಲ್ಲ, ಹಾಗಾಗಿ ತುದಿಗಳು ಸ್ಪಷ್ಟವಾಗಿ ಕಾಣುತ್ತವೆ. 1888ರಲ್ಲಿ ಅವನು ಬರೆದ: ತಂತುಗಳು ಇನ್ನೊಂದು ಕೋಶದ ತೀರ ಹತ್ತಿರಕ್ಕೆ ಬಂದು ಅಲ್ಲೇ ಮುಗಿಯುತ್ತವೆ, ಪ್ರತಿ ನರಕೋಶವೂ ಬಿಡಿ. 1906ರಲ್ಲಿ ನೊಬೆಲ್ ಬಹುಮಾನವನ್ನು ಇಬ್ಬರಿಗೂ ಹಂಚಿದರು. ಒಂದೇ ವೇದಿಕೆಯಲ್ಲಿ ನಿಂತು ಇಬ್ಬರೂ ತದ್ವಿರುದ್ಧ ಮಾತಾಡಿದರು. ಕಹಾಲ್ ಹೇಳಿದ್ದೇ ಸರಿ ಎಂದು ಕಣ್ಣಾರೆ ಕಾಣಲು 1950ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರಬೇಕಾಯಿತು. ಅದರಲ್ಲಿ ಕಂಡ ಬಿಡುವಿನ ಅಗಲ ಸುಮಾರು 20 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಮೂರು-ನಾಲ್ಕು ಸಾವಿರ ಬಿಡುವುಗಳನ್ನು ಪಕ್ಕಪಕ್ಕ ಜೋಡಿಸಬಹುದು.

ಇಷ್ಟು ಕಡಿಮೆ ಜಾಗವನ್ನು ವಿದ್ಯುತ್ತು ಹಾರಿಬಿಡಬಾರದೇ? ಹಾರಲಾರದು. ಬಿಡುವಿನ ತುಂಬ ಉಪ್ಪುನೀರಿನಂಥ ದ್ರವ ಇದೆ. ತುದಿಗೆ ಬಂದ ವಿದ್ಯುತ್ತು ಎದುರಿನ ಕೋಶದ ಪೊರೆಯನ್ನು ತೂರುವ ಬದಲು ಆ ದ್ರವದಲ್ಲೇ ಅಕ್ಕಪಕ್ಕಕ್ಕೆ ಸೋರಿಹೋಗುತ್ತದೆ. ಅದಕ್ಕೇ ತುದಿಯಲ್ಲಿ ಬೇರೆ ವ್ಯವಸ್ಥೆ. ಅಲ್ಲಿ ಪೊರೆಯಿಂದಾದ ಪುಟ್ಟ ಪುಟ್ಟ ಚೀಲಗಳಿವೆ, ಒಂದೊಂದರ ಅಗಲ ಸುಮಾರು 40 ನ್ಯಾನೊಮೀಟರ್. ಸ್ನಾಯುವಿಗೆ ಹೋಗುವ ನರವಾದರೆ ಚೀಲದೊಳಗೆ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕದ ಸಾವಿರಾರು ಅಣುಗಳು. ಸಂಕೇತ ತುದಿ ಮುಟ್ಟಿದಾಗ ಪೊರೆಯಲ್ಲಿ ಕ್ಯಾಲ್ಸಿಯಂ ಬಾಗಿಲುಗಳು ತೆರೆಯುತ್ತವೆ. ಕೋಶದ ಹೊರಗೆ ಒಳಗಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಅದು ನುಗ್ಗಿ ಬರುತ್ತದೆ. ನುಗ್ಗಿದ ಕ್ಯಾಲ್ಸಿಯಂ ಚೀಲದ ಮೇಲಿನ ಸಿನಾಪ್ಟೊಟ್ಯಾಗ್ಮಿನ್ ಎಂಬ ಪ್ರೋಟೀನಿಗೆ ಅಂಟುತ್ತದೆ. ಚೀಲವನ್ನೂ ಹೊರಪೊರೆಯನ್ನೂ ಹಗ್ಗದ ಎಳೆಗಳಂತೆ ಹೊಸೆದು ಹಿಡಿದಿರುವ ಸ್ನೇರ್ ಪ್ರೋಟೀನುಗಳು ಎರಡನ್ನೂ ಒಂದು ಮಾಡುತ್ತವೆ. ಚೀಲ ಬಾಯಿ ಬಿಡುತ್ತದೆ. ಅಣುಗಳು ಆಚೆ ದಡದ ಗ್ರಾಹಕಗಳನ್ನು, ಅಂದರೆ ಅವನ್ನು ಹಿಡಿಯಲೆಂದೇ ಎದುರಿನ ಪೊರೆಯಲ್ಲಿರುವ ಪ್ರೋಟೀನುಗಳನ್ನು, ಮುಟ್ಟುತ್ತವೆ, ಅಲ್ಲಿ ಅಯಾನುಗಳ (ವಿದ್ಯುದಾವೇಶ ಹೊತ್ತ ಕಣಗಳ) ಬಾಗಿಲು ತೆರೆದು ಮತ್ತೆ ವಿದ್ಯುತ್ತು ಹುಟ್ಟುತ್ತದೆ. ಇಷ್ಟೂ ಮುಗಿಯಲು ಅರ್ಧ ಮಿಲಿಸೆಕೆಂಡಿನಿಂದ ಒಂದು ಮಿಲಿಸೆಕೆಂಡು ಸಾಕು.

ನೀನು ಹೇಳಿದ ನೇರ ಬೆಸುಗೆಯೂ ಇದೆ, ಗೊತ್ತೇ? ಸಿಹಿನೀರಿನ ಕ್ರೇಫಿಶ್ ಎಂಬ ಜೀವಿಯಲ್ಲಿ ಫರ್ಶ್‌ಪಾನ್ ಮತ್ತು ಪಾಟರ್ ಅದನ್ನು 1959ರಲ್ಲಿ ವಿವರವಾಗಿ ತೋರಿಸಿದರು. ಎರಡು ಕೋಶಗಳ ಪೊರೆಗಳು 3–4 ನ್ಯಾನೊಮೀಟರಿನಷ್ಟು ಹತ್ತಿರ ಬಂದು, ನಡುವೆ ಪ್ರೋಟೀನಿನ ಕೊಳವೆಗಳು ಸೇತುವೆಯಾಗಿರುತ್ತವೆ. ಬಾಲ ಬಡಿದು ಥಟ್ಟನೆ ತಪ್ಪಿಸಿಕೊಳ್ಳಬೇಕಾದ ಪ್ರಾಣಿಗೆ ಆ ವೇಗ ಬೇಕು. ನಮ್ಮ ಮೆದುಳಿನಲ್ಲೂ ಅಲ್ಲಲ್ಲಿ ಇಂಥವು ಇವೆ. ಆದರೆ ಹೆಚ್ಚಿನ ಕಡೆ ದೇಹ ಆರಿಸಿಕೊಂಡದ್ದು ಬಿಡುವನ್ನು. ಯಾಕೆಂದರೆ ಬೆಸೆದ ತಂತಿ ಬಂದದ್ದನ್ನು ಹಾಗೇ ದಾಟಿಸುತ್ತದೆ ಅಷ್ಟೇ. ಅದಕ್ಕೆ ‘ಬೇಡ’ ಎನ್ನಲು ಬರುವುದಿಲ್ಲ.

ಈ ‘ಬೇಡ’ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ನರದ ತುದಿ ಗ್ಲುಟಮೇಟ್ ಎಂಬ ರಾಸಾಯನಿಕ ಸುರಿದರೆ ಎದುರಿನ ಕೋಶ ಕೆರಳುತ್ತದೆ, ಗಾಬಾ ಅಥವಾ ಗ್ಲೈಸೀನ್ ಎಂಬವನ್ನು ಸುರಿದರೆ ತಣ್ಣಗಾಗುತ್ತದೆ. ಒಂದು ಕೋಶದ ಮೇಲೆ ಸಾವಿರಾರು ತುದಿಗಳು ಕೂತು ಕೆಲವು ‘ಹೂಂ’ ಅನ್ನುತ್ತಿರುತ್ತವೆ, ಕೆಲವು ‘ಬೇಡ’ ಅನ್ನುತ್ತಿರುತ್ತವೆ. ಎಲ್ಲವನ್ನೂ ಕೂಡಿ ಕಳೆದು ಆ ಕೋಶ ತಾನು ಸಂಕೇತ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ‘ಬೇಡ’ ಅನ್ನುವವರ ಬಾಯಿ ಕಟ್ಟಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಧನುರ್ವಾಯು ರೋಗಿಯನ್ನು ನೋಡಬೇಕು. ಆ ಬ್ಯಾಕ್ಟೀರಿಯದ ವಿಷ ಬೆನ್ನುಹುರಿಗೆ ಹೋಗಿ ಸೇರುವುದು ತಡೆಯುವ ನರಕೋಶಗಳ ತುದಿಗೆ. ಅಲ್ಲಿ ಸ್ನೇರ್ ಪ್ರೋಟೀನುಗಳಲ್ಲಿ ಒಂದನ್ನು ಕತ್ತರಿಸಿಬಿಡುತ್ತದೆ. ಗ್ಲೈಸೀನ್, ಗಾಬಾ ಚೀಲಗಳು ಬಾಯಿ ಬಿಡುವುದಿಲ್ಲ. ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಬಿಲ್ಲಾಗುತ್ತದೆ. ಕಲಿಯುವ ದಿನಗಳಲ್ಲಿ ನಾನು ಒಬ್ಬ ರೋಗಿಯನ್ನು ನೋಡಿದ್ದೇನೆ. ಕೋಣೆಯ ಬಾಗಿಲು ಕಿರ್ರೆಂದರೂ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು. ಅವತ್ತಿನಿಂದ ‘ತಡೆ’ ಎಂಬ ಶಬ್ದವನ್ನು ನಾನು ಪಾಠದಲ್ಲಿ ಹಗುರವಾಗಿ ಹೇಳಿದ್ದಿಲ್ಲ.

ಚೀಲ, ಅಣು ಎಂದೆಲ್ಲ ಬರೆಯುತ್ತೀರಿ. ಅಷ್ಟು ಚಿಕ್ಕದ್ದು ನಡೆಯುತ್ತಿದೆ ಎಂದು ನಿಮಗೆ ಖಾತ್ರಿಯಾದದ್ದು ಹೇಗೆ? ನೀವೇ ನೋಡಿದ್ದೀರಾ?

ನೋಡಿದ್ದೇನೆ. ಚೀಲವನ್ನಲ್ಲ, ಚೀಲ ಒಡೆದ ಗುರುತನ್ನು.

ಸ್ನಾತಕೋತ್ತರ ಓದಿನ ಎರಡನೇ ವರ್ಷ. ಕಪ್ಪೆಯ ತೊಡೆಯ ತೆಳ್ಳನೆಯ ಒಂದು ಸ್ನಾಯುವನ್ನು ಅದರ ನರದ ಸಮೇತ ಬಿಡಿಸಿ ಲವಣದ್ರವದಲ್ಲಿ ಇಟ್ಟಿದ್ದೆವು. ಗಾಜಿನ ಕೊಳವೆಯನ್ನು ಕಾಯಿಸಿ ಎಳೆದು, ತುದಿ ಒಂದು ಮೈಕ್ರೊಮೀಟರಿಗಿಂತ ಸಣ್ಣದಾಗುವಂತೆ ಮಾಡಿ, ಅದಕ್ಕೆ ಲವಣದ್ರವ ತುಂಬಿ ಸ್ನಾಯುಕೋಶದೊಳಗೆ ಚುಚ್ಚಬೇಕು. ಮುಟ್ಟಿದರೆ ಮುರಿಯುತ್ತದೆ. ಆ ಸಂಜೆ ನಾನು ಹನ್ನೊಂದು ಕೊಳವೆ ಮುರಿದೆ. ಹನ್ನೆರಡನೆಯದು ಒಳಗೆ ಹೋಯಿತು: ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಆಸಿಲೊಸ್ಕೋಪಿನ ಹಸಿರು ಗೆರೆ ಒಮ್ಮೆಲೇ 90 ಮಿಲಿವೋಲ್ಟ್ ಕೆಳಗೆ ಬಿದ್ದು ನಿಂತಿತು. ಕೋಶದ ಒಳಗಿದ್ದೇನೆ ಎಂದು ಅರ್ಥ. ನರವನ್ನು ಯಾರೂ ಕೆರಳಿಸಿರಲಿಲ್ಲ. ದೀಪ ಆರಿಸಿ ಸುಮ್ಮನೆ ಕೂತಿದ್ದೆವು. ಗೆರೆಯ ಮೇಲೆ ಒಂದು ಪುಟ್ಟ ಉಬ್ಬು ಎದ್ದು ಇಳಿಯಿತು. ಅರ್ಧ ಮಿಲಿವೋಲ್ಟ್. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಎರಡು ಒಟ್ಟೊಟ್ಟಿಗೆ. ನನ್ನ ಗುರುಗಳು ಮೆಲ್ಲಗೆ, “ಒಂದೊಂದು ಉಬ್ಬೂ ಒಂದೊಂದು ಚೀಲ” ಅಂದರು.

ಇದನ್ನು ಮೊದಲು ಕಂಡದ್ದು ಲಂಡನ್ನಿನಲ್ಲಿ ಪಾಲ್ ಫ್ಯಾಟ್ ಮತ್ತು ಬರ್ನಾರ್ಡ್ ಕಾಟ್ಸ್, 1950ರ ಹೊತ್ತಿಗೆ. ಯಂತ್ರದ ಗದ್ದಲವೇನೋ ಎಂಬ ಅನುಮಾನ ಯಾರಿಗಾದರೂ ಬರಬೇಕಾದ್ದೇ. ಆದರೆ ಗ್ರಾಹಕಗಳಿಗೆ ಅಡ್ಡ ಕೂರುವ ಕ್ಯೂರಾರೆ ಎಂಬ ವಿಷ ಹಾಕಿದರೆ ಉಬ್ಬು ಕುಗ್ಗುತ್ತದೆ. ಅಸಿಟೈಲ್‌ಕೋಲೀನನ್ನು ಒಡೆಯುವ ಕಿಣ್ವವನ್ನು ತಡೆದರೆ ಉಬ್ಬು ಹಿಗ್ಗುತ್ತದೆ. ಯಂತ್ರದ ಗದ್ದಲವಾಗಿದ್ದರೆ ಹಾಗಾಗುತ್ತಿರಲಿಲ್ಲ. ಮುಂದಿನದು ಇನ್ನೂ ಸೊಗಸು. ದ್ರವದಲ್ಲಿ ಕ್ಯಾಲ್ಸಿಯಂ ಇಳಿಸಿ ಮೆಗ್ನೀಸಿಯಂ ಏರಿಸಿದರೆ, ನರವನ್ನು ಕೆರಳಿಸಿದಾಗ ಸ್ನಾಯುವಿನಲ್ಲಿ ಬರುವ ಪ್ರತಿಕ್ರಿಯೆ ತೀರ ಚಿಕ್ಕದಾಗುತ್ತದೆ. ಆಗ ಅದರ ಅಳತೆ ನೋಡಿ: ಕೆಲವು ಸಲ ಸೊನ್ನೆ, ಕೆಲವು ಸಲ ಆ ತಾನಾಗಿ ಏಳುವ ಉಬ್ಬಿನಷ್ಟೇ, ಕೆಲವು ಸಲ ಅದರ ಎರಡರಷ್ಟು, ಮೂರರಷ್ಟು. ಹೀಗೆ ಗುಂಪುಗುಂಪಾಗಿ ಬರುತ್ತವೆ. 1954ರಲ್ಲಿ ಡೆಲ್ ಕಾಸ್ಟಿಯೊ ಮತ್ತು ಕಾಟ್ಸ್ ಇದನ್ನು ಎಣಿಸಿ, ನರ ತನ್ನ ರಾಸಾಯನಿಕವನ್ನು ಧಾರೆಯಾಗಿ ಸುರಿಯುವುದಿಲ್ಲ, ಪೊಟ್ಟಣ ಕಟ್ಟಿ ಕೊಡುತ್ತದೆ ಎಂದರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚೀಲಗಳು ಕಂಡವು. ಎಣಿಕೆಯೂ ಕಣ್ಣೂ ಒಂದೇ ಮಾತು ಹೇಳಿದವು. ವಿಜ್ಞಾನದಲ್ಲಿ ಇಂಥ ಗಳಿಗೆ ಅಪರೂಪ. ಕಾಟ್ಸ್‌ಗೆ 1970ರಲ್ಲಿ ನೊಬೆಲ್ ಬಂತು.

ನಡುವೆ ದಾಟುವುದು ರಾಸಾಯನಿಕ ಎಂದು ಮೊದಲು ಹೇಳಿದವರು ಯಾರು? ಕನಸಿನಲ್ಲಿ ಹೊಳೆಯಿತು ಎಂದು ಕೇಳಿದ್ದೇನೆ, ನಿಜವೇ?

ನಿಜ, ಅವನೇ ಹೇಳಿಕೊಂಡ ಕಥೆ. ಆಸ್ಟ್ರಿಯಾದ ಗ್ರಾಜ್ ನಗರದ ಆಟೊ ಲೋವಿ ಒಂದು ರಾತ್ರಿ ಎಚ್ಚರವಾಗಿ ಚೀಟಿಯ ಮೇಲೆ ಏನೋ ಗೀಚಿ ಮತ್ತೆ ಮಲಗಿದ. ಬೆಳಿಗ್ಗೆ ತನ್ನ ಬರಹ ತನಗೇ ಓದಲಾಗಲಿಲ್ಲ. ಮರುರಾತ್ರಿ ಮೂರು ಗಂಟೆಗೆ ಅದೇ ಯೋಚನೆ ಮತ್ತೆ ಬಂತು. ಈ ಸಲ ಚೀಟಿಯ ಗೋಜಿಗೆ ಹೋಗದೆ ಎದ್ದು ಪ್ರಯೋಗಾಲಯಕ್ಕೇ ನಡೆದ. ಎರಡು ಕಪ್ಪೆಗಳ ಹೃದಯ ತೆಗೆದು ಲವಣದ್ರವದಲ್ಲಿ ಬಡಿಯುವಂತೆ ಇಟ್ಟ. ಮೊದಲನೆಯದಕ್ಕೆ ವೇಗಸ್ ನರ ಉಳಿಸಿದ್ದ, ಎರಡನೆಯದಕ್ಕೆ ನರವೇ ಇಲ್ಲ. ನರವನ್ನು ಕೆರಳಿಸಿದಾಗ ಮೊದಲ ಹೃದಯ ನಿಧಾನವಾಯಿತು. ಅದರೊಳಗಿದ್ದ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಿದ. ಯಾವ ನರದ ಸಂಪರ್ಕವೂ ಇಲ್ಲದ ಆ ಹೃದಯವೂ ನಿಧಾನವಾಯಿತು. ನರದ ಮಾತು ನೀರಿನಲ್ಲಿ ಬಂದಿತ್ತು. ಇದು ಪ್ರಕಟವಾದದ್ದು 1921ರಲ್ಲಿ. ಆ ವಸ್ತು ಅಸಿಟೈಲ್‌ಕೋಲೀನ್ ಎಂದು ಆಮೇಲೆ ಖಚಿತವಾಯಿತು; ಹೆನ್ರಿ ಡೇಲ್ ಜೊತೆ ಲೋವಿಗೆ 1936ರಲ್ಲಿ ನೊಬೆಲ್ ಬಂತು. ಎರಡೇ ವರ್ಷಕ್ಕೆ ನಾಜಿಗಳು ಅವನನ್ನು ಬಂಧಿಸಿದರು. ಜೀವ ಉಳಿಯುವುದೋ ಇಲ್ಲವೋ ಎಂಬ ಭಯದಲ್ಲಿ, ಇನ್ನೂ ಪ್ರಕಟವಾಗದ ಕೊನೆಯ ಪ್ರಯೋಗದ ಫಲಿತಾಂಶವನ್ನು ಸೆರೆಯಿಂದಲೇ ಅಂಚೆ ಕಾರ್ಡಿನಲ್ಲಿ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದ. ಬಹುಮಾನದ ಹಣವನ್ನು ಅವರ ಕೈಗೊಪ್ಪಿಸಿದ ಮೇಲೆ ದೇಶ ಬಿಡಲು ಬಿಟ್ಟರು.

ಇದಾದ ಮೇಲೂ, ಮೆದುಳಿನೊಳಗೆ ನಡೆಯುವುದು ವಿದ್ಯುತ್ತಿನ ಜಿಗಿತವೇ ಎಂದು ಹಠ ಹಿಡಿದಿದ್ದವರಲ್ಲಿ ಮುಖ್ಯನಾದವನು ಜಾನ್ ಎಕ್ಲಿಸ್. 1951ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಅವನೇ ಬೆಕ್ಕಿನ ಬೆನ್ನುಹುರಿಯ ಕೋಶದೊಳಗೆ ಗಾಜಿನ ಕೊಳವೆ ಇಳಿಸಿ, ‘ತಡೆ’ಯ ಸಂಕೇತ ಬಂದಾಗ ವೋಲ್ಟೇಜ್ ಯಾವ ಕಡೆ ಹೋಗುತ್ತದೆ ಎಂದು ನೋಡಿದ. ತನ್ನ ಸಿದ್ಧಾಂತ ಹೇಳಿದ್ದಕ್ಕೆ ನೇರ ವಿರುದ್ಧ ಹೋಯಿತು. ಅವನು ತನ್ನ ವಾದ ಬಿಟ್ಟುಕೊಟ್ಟ, ಅದನ್ನು ಎಲ್ಲರಿಗೂ ಹೇಳಿದ, ರಾಸಾಯನಿಕ ಸಂವಹನದ ಮೇಲೇ ಮುಂದಿನ ಕೆಲಸ ಮಾಡಿದ. ನನಗೆ ಲೋವಿಯ ಕನಸಿಗಿಂತ ಈ ಸಂಗತಿ ಹೆಚ್ಚು ಇಷ್ಟ.

ಸಿನಾಪ್ಸ್‌ಗೆ ‘ನರಸಂಧಿ’ ಎಂಬ ಕನ್ನಡ ಪದವನ್ನು ನೀವು ಬಳಸುವುದಿಲ್ಲ. ಯಾಕೆ? (ಒಬ್ಬ ಕನ್ನಡ ಅಧ್ಯಾಪಕರು)

ಸರ್, ನಿಮ್ಮ ವ್ಯಾಕರಣವೇ ನನ್ನನ್ನು ತಡೆಯುತ್ತದೆ! ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಸೇರುವುದು ಸಂಧಿ ಎಂದಲ್ಲವೇ ನಾವು ಓದಿದ್ದು? ಇಲ್ಲಿ ಸೇರುವುದೂ ಇಲ್ಲ, ಕಾಲವಿಳಂಬವೂ ಇದೆ. ಆ ಅರ್ಧ ಮಿಲಿಸೆಕೆಂಡಿನ ವಿಳಂಬದಿಂದಲೇ ಇದು ಬೆಸುಗೆಯಲ್ಲ ಎಂದು ಗುರುತಿಸುವುದು. ವ್ಯಾಕರಣದಿಂದಲೇ ಪದ ಬೇಕೆಂದರೆ ನಾನು ಪ್ರಕೃತಿಭಾವವನ್ನು ನೆನೆಯುತ್ತೇನೆ: ‘ಅಮ್ಮಾ ಇಲ್ಲಿ ನೋಡು’ ಎನ್ನುವಾಗ ಎರಡು ಸ್ವರಗಳು ಅಕ್ಕಪಕ್ಕ ನಿಂತರೂ ಒಂದಾಗದೆ ತಮ್ಮ ರೂಪ ಉಳಿಸಿಕೊಂಡ ಹಾಗೆ. 1897ರಲ್ಲಿ ಚಾರ್ಲ್ಸ್ ಶೆರಿಂಗ್ಟನ್ ಒಂದು ಪಠ್ಯಪುಸ್ತಕಕ್ಕಾಗಿ ಹೆಸರು ಹುಡುಕುತ್ತಿದ್ದಾಗ, ಗ್ರೀಕ್ ಪಂಡಿತರೊಬ್ಬರು ‘ಕೈಹಿಡಿದುಕೊಳ್ಳುವುದು’ ಎಂಬ ಅರ್ಥ ಬರುವ ‘ಸಿನಾಪ್ಸ್’ ಪದ ಸೂಚಿಸಿದರಂತೆ. ಕೈಹಿಡಿದವರು ಇಬ್ಬರಾಗಿಯೇ ಉಳಿಯುತ್ತಾರಲ್ಲ. ‘ನರಸಂಧಿ’ ರೂಢಿಗೆ ಬಂದಿದ್ದರೆ ಬಳಸಿ, ನನ್ನ ತಕರಾರಿಲ್ಲ. ಮಕ್ಕಳಿಗೆ ಈ ವ್ಯತ್ಯಾಸ ಮಾತ್ರ ಹೇಳಿ.

ಮೆದುಳಿನಲ್ಲಿ ಇಂಥ ಸಿನಾಪ್ಸ್ ಎಷ್ಟಿವೆ?

ನರಕೋಶಗಳು ಸುಮಾರು 8,600 ಕೋಟಿ. ಒಂದೊಂದಕ್ಕೂ ಸಾವಿರಾರು ಸಿನಾಪ್ಸ್. ಒಟ್ಟು ನೂರು ಲಕ್ಷ ಕೋಟಿಯ ಆಸುಪಾಸು ಎಂದು ಅಂದಾಜು. ಕಿರುಮೆದುಳಿನ ಪರ್ಕಿಂಜೆ ಕೋಶ ಒಂದರ ಮೇಲೆಯೇ ಒಂದು ಲಕ್ಷಕ್ಕೂ ಹೆಚ್ಚು ಇರುತ್ತವೆ.

ನನ್ನ ಹೆಂಡತಿಗೆ ಬೆಳಿಗ್ಗೆ ಏನೂ ಇರುವುದಿಲ್ಲ. ಸಂಜೆಯಾದಂತೆ ರೆಪ್ಪೆ ಜೋತು ಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ಊಟ ಅಗಿಯುತ್ತಾ ಅಗಿಯುತ್ತಾ ದವಡೆ ಸೋಲುತ್ತದೆ. ಬಹಳ ದಿನ ಎಲ್ಲರೂ ಮನಸ್ಸಿನ ಕಾಯಿಲೆ ಎಂದರು. ಈಗ ಮಯಸ್ತೀನಿಯಾ ಗ್ರೇವಿಸ್ ಎಂದು ಗೊತ್ತಾಗಿದೆ. ನರ ಸರಿಯಿದೆ, ಸ್ನಾಯುವೂ ಸರಿಯಿದೆ ಎನ್ನುತ್ತಾರೆ. ಹಾಗಾದರೆ ಕೆಟ್ಟಿರುವುದು ಏನು?

ಕೆಟ್ಟಿರುವುದು ಅವೆರಡರ ನಡುವೆ. ‘ಮನಸ್ಸಿನದು’ ಎಂಬ ಮಾತು ಕೇಳುತ್ತಾ ಅವರು ಕಳೆದ ದಿನಗಳನ್ನು ನೆನೆದು ಬೇಸರವಾಯಿತು. ಬೆಳಿಗ್ಗೆ ಪರೀಕ್ಷಿಸಿದರೆ ಏನೂ ಸಿಗದೇ ಹೋಗುವುದು ಈ ಕಾಯಿಲೆಯ ಗುಣ. ಅವರು ಹೇಳುತ್ತಿದ್ದುದೆಲ್ಲ ನಿಜವೇ ಆಗಿತ್ತು ಎಂದು ಮನೆಯವರಿಗೆಲ್ಲ ದಯವಿಟ್ಟು ಹೇಳಿ.

ಆರೋಗ್ಯವಂತರಲ್ಲಿ ನರದ ತುದಿ ಪ್ರತಿ ಸಲವೂ ಸ್ನಾಯುವಿಗೆ ಬೇಕಾದ್ದಕ್ಕಿಂತ ಹಲವು ಪಟ್ಟು ಅಸಿಟೈಲ್‌ಕೋಲೀನ್ ಸುರಿಯುತ್ತದೆ. ಮತ್ತೆ ಮತ್ತೆ ಕೆಲಸ ಮಾಡಿದಾಗ ಒಂದೊಂದು ಸಲಕ್ಕೆ ಸುರಿಯುವ ಪ್ರಮಾಣ ಇಳಿಯುತ್ತಾ ಹೋಗುವುದು ಎಲ್ಲರಲ್ಲೂ ಸಹಜ, ಆದರೆ ಧಾರಾಳವಾಗಿ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ನಿಮ್ಮ ಹೆಂಡತಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಸ್ನಾಯುವಿನ ಮೇಲಿನ ಗ್ರಾಹಕಗಳಿಗೆ ಪ್ರತಿಕಾಯಗಳನ್ನು ತಯಾರಿಸುತ್ತಿದೆ. ಹೆಚ್ಚಿನ ಮಯಸ್ತೀನಿಯಾ ರೋಗಿಗಳಲ್ಲಿ ಕಾರಣ ಇದೇ. ಗ್ರಾಹಕಗಳ ಸಂಖ್ಯೆ ಇಳಿದಿದೆ. ಬೆಳಿಗ್ಗೆ ನರ ಜೋರಾಗಿ ಕೂಗುತ್ತದೆ, ಕಿವಿ ಕಡಿಮೆಯಿದ್ದರೂ ಕೇಳಿಸುತ್ತದೆ. ಬಳಸುತ್ತಾ ಹೋದಂತೆ ದನಿ ಇಳಿಯುತ್ತದೆ, ಆಗ ಒಂದೊಂದೇ ಸ್ನಾಯುಕೋಶಕ್ಕೆ ಕೇಳಿಸದೇ ಹೋಗುತ್ತದೆ. ರೆಪ್ಪೆ ಎತ್ತುವ ಸ್ನಾಯು ದಿನವಿಡೀ ಬಿಡುವಿಲ್ಲದೆ ದುಡಿಯುವುದರಿಂದ ಅಲ್ಲಿ ಬೇಗ ಕಾಣುತ್ತದೆ.

ಔಷಧ ಎಲ್ಲಿ ಕೆಲಸ ಮಾಡುತ್ತದೆ ನೋಡಿ. ಬಿಡುವಿನಲ್ಲಿ ಅಸಿಟೈಲ್‌ಕೋಲೀನನ್ನು ಒಡನೆಯೇ ಕತ್ತರಿಸಿ ಹಾಕುವ ಕಿಣ್ವವೊಂದಿದೆ, ಬಹಳ ಚುರುಕಿನದು. ಅದಿಲ್ಲದಿದ್ದರೆ ಒಂದು ಸಂಕೇತ ಮುಗಿದು ಇನ್ನೊಂದು ಶುರುವಾದದ್ದೇ ತಿಳಿಯುತ್ತಿರಲಿಲ್ಲ. ಪಿರಿಡೋಸ್ಟಿಗ್ಮಿನ್ ಮಾತ್ರೆ ಆ ಕಿಣ್ವದ ಕೈಯನ್ನು ಸ್ವಲ್ಪ ಹೊತ್ತು ಹಿಡಿಯುತ್ತದೆ. ಸುರಿದ ಅಣುಗಳು ತುಸು ಹೆಚ್ಚು ಹೊತ್ತು ಉಳಿದು, ಇರುವಷ್ಟು ಗ್ರಾಹಕಗಳನ್ನೇ ಮತ್ತೆ ಮತ್ತೆ ತಟ್ಟುತ್ತವೆ. ಈ ದಾರಿ ತೋರಿಸಿದ್ದು 1934ರಲ್ಲಿ ಮೇರಿ ವಾಕರ್ ಎಂಬ ವೈದ್ಯೆ. ಈ ರೋಗಿಗಳ ಸೋಲು ಕ್ಯೂರಾರೆ ವಿಷದ ಸೋಲಿನಂತೆಯೇ ಇದೆ, ಹಾಗಾದರೆ ಕ್ಯೂರಾರೆಯ ಮದ್ದು ಇದಕ್ಕೂ ಯಾಕಾಗಬಾರದು ಎಂದು ಯೋಚಿಸಿ ಫೈಸೋಸ್ಟಿಗ್ಮಿನ್ ಚುಚ್ಚಿದರು. ಜೋತು ಬಿದ್ದಿದ್ದ ರೆಪ್ಪೆ ಮೇಲೆದ್ದಿತು. ಕಾರಣ ತಿಳಿದದ್ದು ಅದಕ್ಕೂ ಬಹಳ ತಡವಾಗಿ. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ವಿದ್ಯುತ್ ಈಲ್ ಮೀನಿನಿಂದ ಬೇರ್ಪಡಿಸಿದ ಗ್ರಾಹಕವನ್ನು, ಅದಕ್ಕೆ ಪ್ರತಿಕಾಯ ಪಡೆಯಲೆಂದು, ಮೊಲಗಳಿಗೆ ಚುಚ್ಚಿದರು. ಮೊಲಗಳು ಕಾಲು ಎತ್ತಲಾರದೆ ಸೋತು ಮಲಗಿದವು. ಮೊಲದ ದೇಹ ಈಲ್‌ಗೆಂದು ತಯಾರಿಸಿದ ಪ್ರತಿಕಾಯ ಅದರ ಸ್ವಂತ ಸ್ನಾಯುವನ್ನೂ ಹಿಡಿದಿತ್ತು.

ಪಿರಿಡೋಸ್ಟಿಗ್ಮಿನ್ ದನಿ ಏರಿಸುತ್ತದೆ, ಮೂಲ ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಅದಕ್ಕೆ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧಗಳು, ಕೆಲವರಿಗೆ ಥೈಮಸ್ ಗ್ರಂಥಿಯ ಶಸ್ತ್ರಚಿಕಿತ್ಸೆ ಇವೆ. ನಿಮ್ಮ ವೈದ್ಯರು ನಿರ್ಧರಿಸುತ್ತಾರೆ. ನಾನು ಒತ್ತಿ ಹೇಳುವುದು ಎರಡು ಮಾತು. ಜ್ವರಕ್ಕೋ ಹಲ್ಲುನೋವಿಗೋ ಯಾವ ವೈದ್ಯರ ಬಳಿ ಹೋದರೂ ಮೊದಲು ಈ ಕಾಯಿಲೆಯ ಹೆಸರು ಹೇಳಿ, ಏಕೆಂದರೆ ಕೆಲವು ಆ್ಯಂಟಿಬಯಾಟಿಕ್‌ಗಳು, ಮೆಗ್ನೀಸಿಯಂ ಚುಚ್ಚುಮದ್ದು ಇದನ್ನು ಥಟ್ಟನೆ ಉಲ್ಬಣಿಸಬಲ್ಲವು. ನುಂಗಲು ಕಷ್ಟವಾದರೆ, ಉಸಿರು ಸಾಲದೆನಿಸಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.

ಕೀಟನಾಶಕದ ಡಬ್ಬಿಯ ಮೇಲೆ ‘ಪ್ರತಿವಿಷ: ಅಟ್ರೊಪಿನ್’ ಎಂದಿದೆ. ಇದಕ್ಕೂ ನರಕ್ಕೂ ಸಂಬಂಧವಿದೆಯೇ?

ಮೇಲೆ ಹೇಳಿದ ಅದೇ ಕಿಣ್ವ. ಆರ್ಗನೊಫಾಸ್ಫೇಟ್ ಕೀಟನಾಶಕಗಳು ಅದರ ಕೈಯನ್ನು ಸ್ವಲ್ಪ ಹೊತ್ತು ಹಿಡಿಯುವುದಲ್ಲ, ಕಟ್ಟಿಹಾಕುತ್ತವೆ. ಅಸಿಟೈಲ್‌ಕೋಲೀನ್ ಎಲ್ಲೆಡೆ ಮಡುಗಟ್ಟುತ್ತದೆ: ಬಾಯಿ-ಮೂಗಿನಲ್ಲಿ ನೀರು ಸುರಿಯುತ್ತದೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ, ಸ್ನಾಯುಗಳು ಅದುರಿ ಕೊನೆಗೆ ಸೋಲುತ್ತವೆ, ಉಸಿರು ನಿಲ್ಲುತ್ತದೆ. ಅಟ್ರೊಪಿನ್ ಗ್ರಂಥಿಗಳಲ್ಲಿ, ಶ್ವಾಸನಾಳದಲ್ಲಿ, ಹೃದಯದಲ್ಲಿ ಇರುವ ಗ್ರಾಹಕಗಳನ್ನು ಮುಚ್ಚುತ್ತದೆ. ಸೋತ ಸ್ನಾಯುಗಳಿಗೆ ಅದರಿಂದ ಉಪಯೋಗವಿಲ್ಲ. ಆದ್ದರಿಂದ ಇದು ಮನೆಯಲ್ಲಿ ಮಾಡುವ ಚಿಕಿತ್ಸೆಯಲ್ಲ. ಮೈಗೆ ಬಿದ್ದರೆ ಬಟ್ಟೆ ಕಳಚಿ, ಸೋಪು-ನೀರಿನಲ್ಲಿ ಚೆನ್ನಾಗಿ ತೊಳೆದು, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಓಡಿ. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ಸಿಂಪಡಿಸುವವರಿಗೂ ಅದೇ ಮಾತು: ಈ ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ಮಗನಿಗೆ ಖಿನ್ನತೆ. ‘ಸೆರೊಟೋನಿನ್ ಕಡಿಮೆಯಾಗಿದೆ, ಈ ಮಾತ್ರೆ ತುಂಬಿಸುತ್ತದೆ’ ಎಂದು ಯಾರೋ ಹೇಳಿದರು. ಎರಡು ವಾರವಾದರೂ ಗುಣ ಕಾಣಲಿಲ್ಲ ಎಂದು ಅವನು ನಿಲ್ಲಿಸಬೇಕೆಂದಿದ್ದಾನೆ.

ನಿಲ್ಲಿಸುವುದು ಬೇಡ, ಮೊದಲು ಅವನ ವೈದ್ಯರ ಜೊತೆ ಮಾತಾಡಲಿ. ಮಾತ್ರೆ ತೊಟ್ಟಿಗೆ ನೀರು ತುಂಬಿಸಿದ ಹಾಗೆ ಏನನ್ನೂ ತುಂಬಿಸುವುದಿಲ್ಲ. ಸೆರೊಟೋನಿನ್ ಕೂಡ ನರದ ತುದಿ ಸುರಿಯುವ ಒಂದು ರಾಸಾಯನಿಕ. ಸುರಿದ ತುದಿಯೇ ಅದನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಈ ಬಗೆಯ ಮಾತ್ರೆಗಳು ಆ ಎಳೆದುಕೊಳ್ಳುವ ಪಂಪನ್ನು ತಡೆಯುತ್ತವೆ. ಅದು ಕೆಲವೇ ಗಂಟೆಗಳಲ್ಲಿ ಆಗುವ ಕೆಲಸ. ಆದರೆ ಮನಸ್ಸು ಹಗುರಾಗುವುದು ವಾರಗಳ ಮೇಲೆ. ‘ಕಡಿಮೆಯಾದದ್ದು ತುಂಬಿತು’ ಎಂಬ ಲೆಕ್ಕ ಸರಿಯಿದ್ದರೆ ಅಂದೇ ಗುಣವಾಗಬೇಕಿತ್ತಲ್ಲ? ಹೆಚ್ಚು ಸೆರೊಟೋನಿನ್‌ಗೆ ಹೊಂದಿಕೊಳ್ಳುತ್ತಾ ಗ್ರಾಹಕಗಳು, ಸಿನಾಪ್ಸ್‌ಗಳು ನಿಧಾನಕ್ಕೆ ಬದಲಾಗಬೇಕು. ಹೊತ್ತು ಹಿಡಿಯುವುದು ಅದಕ್ಕೆ. ಎರಡು ವಾರ ಸಾಲದು. ಈ ದಿನಗಳಲ್ಲಿ ಅವನ ಜೊತೆ ಇರಿ. ಸಾವಿನ ಮಾತು ಆಡಿದರೆ, ಅಥವಾ ಹಿಂದೆಂದೂ ಇಲ್ಲದ ತಳಮಳ ಕಂಡರೆ, ಅದೇ ದಿನ ವೈದ್ಯರಿಗೆ ತಿಳಿಸಿ.

ನನಗೆ 66. ಈಗ ಹೊಸದೇನಾದರೂ ಕಲಿತರೆ ಮೆದುಳಿನಲ್ಲಿ ನಿಜವಾಗಿ ಏನಾದರೂ ಬದಲಾಗುತ್ತದೆಯೇ?

ಬದಲಾಗುತ್ತದೆ, ಮತ್ತು ಎಲ್ಲಿ ಎಂದು ತೋರಿಸಬಹುದು. 1973ರಲ್ಲಿ ಓಸ್ಲೊದಿಂದ ಬ್ಲಿಸ್ ಮತ್ತು ಲೋಮೊ ಒಂದು ವರದಿ ಪ್ರಕಟಿಸಿದರು. ಮೊಲದ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಒಂದು ನರಮಾರ್ಗವನ್ನು ಸ್ವಲ್ಪ ಹೊತ್ತು ಬಿರುಸಾಗಿ ಕೆರಳಿಸಿ ಬಿಟ್ಟರೆ, ಆಮೇಲೆ ಅದೇ ಚಿಕ್ಕ ಸಂಕೇತಕ್ಕೆ ಎದುರಿನ ಕೋಶಗಳು ಮೊದಲಿಗಿಂತ ದೊಡ್ಡ ಪ್ರತಿಕ್ರಿಯೆ ಕೊಡುತ್ತಿದ್ದವು, ಗಂಟೆಗಟ್ಟಲೆ. ಬಳಸಿದ ಸಿನಾಪ್ಸ್ ಗಟ್ಟಿಯಾಗಿತ್ತು.

ಇದರ ಗುಟ್ಟು ಗ್ಲುಟಮೇಟ್‌ನ ಒಂದು ಗ್ರಾಹಕದಲ್ಲಿದೆ, ಹೆಸರು ಎನ್‌ಎಂಡಿಎ. ಅದರ ದಾರಿಗೆ ಒಂದು ಮೆಗ್ನೀಸಿಯಂ ಅಯಾನು ಬೆಣೆಯಂತೆ ಸಿಕ್ಕಿಕೊಂಡಿರುತ್ತದೆ. ಗ್ಲುಟಮೇಟ್ ಬಂದು ಅಂಟಿದರಷ್ಟೇ ಸಾಲದು. ಅದೇ ಹೊತ್ತಿಗೆ ಕೋಶ ಬೇರೆ ಕಾರಣಕ್ಕೂ ಕೆರಳಿರಬೇಕು, ಆಗ ಬೆಣೆ ಹೊರಬೀಳುತ್ತದೆ. ಎರಡು ಸಂಗತಿ ಒಟ್ಟಿಗೆ ಆದಾಗ ಮಾತ್ರ ಕ್ಯಾಲ್ಸಿಯಂ ಒಳಗೆ ಬಂದು, ಆ ಸಿನಾಪ್ಸ್‌ನಲ್ಲಿ ಇನ್ನಷ್ಟು ಗ್ರಾಹಕಗಳನ್ನು ನೆಡಿಸುತ್ತದೆ. ಮುಖವೂ ಹೆಸರೂ ಒಟ್ಟಿಗೆ ಬಂದರೆ ಒಂದನ್ನು ಕಂಡಾಗ ಇನ್ನೊಂದು ನೆನಪಾಗುವುದಕ್ಕೆ ಇಂಥ ಒಂದು ಕೀಲು ಬೇಕೇ ಬೇಕು. ಬೆಳೆದ ಇಲಿಗಳ ಮೆದುಳನ್ನು ದಿನಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸಿನಾಪ್ಸ್ ಕೂರುವ ಮುಳ್ಳಿನಂಥ ಚಾಚುಗಳಲ್ಲಿ ಕೆಲವು ಹೊಸದಾಗಿ ಮೂಡುವುದೂ ಕೆಲವು ಮಾಯವಾಗುವುದೂ ಕಂಡಿದೆ. ವಯಸ್ಸಾದಂತೆ ಕಲಿಕೆ ನಿಧಾನವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಿಂತುಹೋಗುತ್ತದೆ ಎಂಬುದು ಮಾತ್ರ ಸುಳ್ಳು. ಶುರು ಮಾಡಿ.

ನೆನಪಿನ ಶಕ್ತಿಗೆ ಅಸಿಟೈಲ್‌ಕೋಲೀನ್ ಹೆಚ್ಚಿಸುವ ಮಾತ್ರೆಯನ್ನು ಪರೀಕ್ಷೆಗೆ ಓದುವ ಮಗಳಿಗೆ ಕೊಡಬಹುದೇ?

ಬೇಡ. ಅಂಥ ಔಷಧಗಳಿರುವುದು ಆಲ್ಜೈಮರ್ ರೋಗಿಗಳಿಗೆ. ಅವಳಿಗೆ ನಿದ್ದೆ ಕೊಡಿ.

ಯಾವ ಯಂತ್ರವೂ ಇಲ್ಲದೆ ಒಂದು ಸಿನಾಪ್ಸ್‌ನ ಕೆಲಸವನ್ನು ಮಕ್ಕಳಿಗೆ ತೋರಿಸಬಹುದೇ? (ಹೈಸ್ಕೂಲು ಶಿಕ್ಷಕಿ)

ಧಾರಾಳವಾಗಿ. ಒಬ್ಬರನ್ನು ಎತ್ತರದ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂರಿಸಿ. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟರೆ ಮೆತ್ತಗಿನ ಪಟ್ಟಿಯೊಂದು ಸಿಗುತ್ತದೆ, ಅದೇ ಸ್ನಾಯುರಜ್ಜು. ಅಂಗೈಯ ಅಂಚಿನಿಂದ ಅಲ್ಲಿ ಹಗುರವಾಗಿ, ಆದರೆ ಚುರುಕಾಗಿ ತಟ್ಟಿ. ಕಾಲು ಚಿಮ್ಮುತ್ತದೆ. ತಟ್ಟಿದಾಗ ತೊಡೆಯ ಸ್ನಾಯು ಕೂದಲೆಳೆಯಷ್ಟು ಹಿಗ್ಗಿತು, ಆ ಸುದ್ದಿ ಬೆನ್ನುಹುರಿಗೆ ಹೋಯಿತು, ಅಲ್ಲಿಂದ ಆದೇಶ ತೊಡೆಗೆ ಮರಳಿತು. ಸ್ನಾಯುವಿಗೆ ಆದೇಶ ಮುಟ್ಟಲು ಹಿಡಿದದ್ದು ಸುಮಾರು 20ರಿಂದ 30 ಮಿಲಿಸೆಕೆಂಡು, ಮತ್ತು ಈ ದಾರಿಯಲ್ಲಿ ಬೆನ್ನುಹುರಿಯೊಳಗೆ ಸಿಗುವುದು ಒಂದೇ ಒಂದು ಸಿನಾಪ್ಸ್‌ನ ನಿಲ್ದಾಣ. ಅದೇ ಹೊತ್ತಿಗೆ ಪಕ್ಕದ ಇನ್ನೊಂದು ದಾರಿಯಲ್ಲಿ, ತೊಡೆಯ ಹಿಂಬದಿಯ ಸ್ನಾಯುವಿಗೆ ‘ಬೇಡ’ ಎಂಬ ಸಂಕೇತ ಹೋಗಿರುತ್ತದೆ. ಇಲ್ಲದಿದ್ದರೆ ಎರಡೂ ಸ್ನಾಯುಗಳು ಒಂದನ್ನೊಂದು ಎಳೆದಾಡುತ್ತಿದ್ದವು.

ಕೆಲವು ಮಕ್ಕಳಲ್ಲಿ ಕಾಲು ಅಲ್ಲಾಡುವುದೇ ಇಲ್ಲ, ಗಾಬರಿಯಾಗಬೇಡಿ. ಹಂಗೇರಿಯ ವೈದ್ಯ ಯೆಂಡ್ರಾಸಿಕ್ ತೋರಿಸಿಕೊಟ್ಟ ಉಪಾಯವಿದೆ. ಎರಡೂ ಕೈಗಳ ಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ, ಜೋರಾಗಿ ಹೊರಕ್ಕೆ ಎಳೆಯಲು ಹೇಳಿ. ಎಳೆಯುತ್ತಿರುವಾಗಲೇ ಮಂಡಿಗೆ ತಟ್ಟಿ. ತಟ್ಟಿದ ಬಲ ಅಷ್ಟೇ, ದಾರಿಯೂ ಅದೇ. ಆದರೆ ಎಲ್ಲೋ ಕೈಯಲ್ಲಿ ಹಾಕಿದ ಬಲದಿಂದ ಬೆನ್ನುಹುರಿ ಸಜ್ಜಾಗಿ ನಿಂತಿರುತ್ತದೆ. ಸುಮ್ಮನಿದ್ದ ಕಾಲು ಈಗ ಒದೆಯುತ್ತದೆ. ಎದುರಿಗೆ ನಿಲ್ಲದೆ ಪಕ್ಕದಲ್ಲಿ ನಿಂತುಕೊಳ್ಳಿ.